ಇಡ್ಲಿಯ ಪಕ್ಕದಲ್ಲಿ ಗದ್ದೆ ಇಲಿ: ಅರಸ ಸೋಮೇಶ್ವರನ ಅಡುಗೆಮನೆ

ಮಕ್ಕಳೇ, ಇವತ್ತು ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಇಡ್ಲಿ ತಿಂದು ಶಾಲೆಗೆ ಬಂದಿದ್ದೀರಾ? ಹಾಗಿದ್ದರೆ ನೀವು ಸುಮಾರು ಒಂಬೈನೂರು ವರ್ಷಗಳ ಹಿಂದಿನ ಒಬ್ಬ ಕನ್ನಡ ನಾಡಿನ ಅರಸನ ತಿಂಡಿಯ ಹತ್ತಿರದ ನೆಂಟನನ್ನೇ ತಿಂದಿದ್ದೀರಿ. ಆ ಅರಸ ತನ್ನ ಪುಸ್ತಕದಲ್ಲಿ ಇಡರಿಕಾ ಎಂಬ ತಿಂಡಿಯ ಬಗ್ಗೆ ಬರೆದಿದ್ದಾನೆ. ಅದಕ್ಕೆ ಉದ್ದಿನ ಹಿಟ್ಟು, ಮೆಣಸು, ಜೀರಿಗೆ, ಇಂಗು ಬೇಕು. ಅಕ್ಕಿ ಬೇಡ! ಅದೇ ಪುಸ್ತಕದ ಅದೇ ಭಾಗದಲ್ಲಿ ಇನ್ನೊಂದು ಅಡುಗೆಯೂ ಇದೆ. ಅದು ಗದ್ದೆಯ ಇಲಿಯದು.

ಈಗ ನಿಮ್ಮ ಮುಖ ಹೇಗಾಯಿತು? ಪಕ್ಕದಲ್ಲಿ ಕುಳಿತ ಗೆಳೆಯನ ಮುಖ ನೋಡಿ. ಮೂಗು ಸುಕ್ಕಾಗಿದೆಯೆ? ತುಟಿ ಮೇಲಕ್ಕೆ ಎದ್ದಿದೆಯೆ? ಅಥವಾ ಅವನು ಸುಮ್ಮನೆ ಕುಳಿತಿದ್ದಾನೆಯೆ? ಆ ಸುಮ್ಮನೆ ಕುಳಿತವನ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಅರಸನನ್ನು ಭೇಟಿಯಾಗೋಣ.

ಅವನ ಹೆಸರು ಮೂರನೆಯ ಸೋಮೇಶ್ವರ. ನಿಮ್ಮ ಸಮಾಜ ವಿಜ್ಞಾನದ ಪಾಠದಲ್ಲಿ ಕಲ್ಯಾಣದ ಚಾಲುಕ್ಯರು ಬರುತ್ತಾರಲ್ಲ, ಆ ವಂಶದವನು. ಅವನ ತಂದೆ ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ದೊಡ್ಡ ದೊರೆ. ಪಟ್ಟಕ್ಕೆ ಬಂದಾಗ ತನ್ನ ಹೆಸರಿನಲ್ಲೇ ಹೊಸ ಶಕೆ ಆರಂಭಿಸಿದವನು. ಅವನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಇದ್ದ, ಮಿತಾಕ್ಷರ ಎಂಬ ಹೆಸರಾದ ಕಾನೂನು ಗ್ರಂಥ ಬರೆದ ವಿಜ್ಞಾನೇಶ್ವರ ಇದ್ದ. ಇಂಥ ಪಂಡಿತರು ಓಡಾಡುವ ಅರಮನೆಯಲ್ಲಿ ಸೋಮೇಶ್ವರ ಬೆಳೆದ. ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ತುಮಕೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗುವಷ್ಟು ದೂರ.

ತಂದೆ ತೀರಿಕೊಂಡ ಮೇಲೆ ಸೋಮೇಶ್ವರ ಪಟ್ಟಕ್ಕೆ ಬಂದ. ಭೂಲೋಕಮಲ್ಲ ಎಂಬ ಬಿರುದು ಧರಿಸಿದ. ತಾನೂ ಭೂಲೋಕಮಲ್ಲ ವರ್ಷ ಎಂದು ಎಣಿಕೆ ಶುರುಮಾಡಿದ! ಆದರೆ ಮಲ್ಲ ಎಂಬ ಹೆಸರಿದ್ದರೂ ಯುದ್ಧದಲ್ಲಿ ಅವನು ತಂದೆಯಷ್ಟು ಹೆಸರು ಮಾಡಲಿಲ್ಲ. ಅವನ ಕಾಲದಲ್ಲಿ ವೆಂಗಿ ಕೈತಪ್ಪಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಬಲವಾಗುತ್ತಾ ಹೋದ. ಸೋಮೇಶ್ವರ ಗೆದ್ದದ್ದು ಬೇರೆ ಕಡೆ. ಅವನಿಗೆ ಎಲ್ಲವನ್ನೂ ತಿಳಿಯಬೇಕು, ತಿಳಿದದ್ದನ್ನು ವಿಂಗಡಿಸಬೇಕು, ವಿಂಗಡಿಸಿದ್ದನ್ನು ಬರೆದಿಡಬೇಕು ಎಂಬ ಹುಚ್ಚು. ಜನ ಅವನನ್ನು ಸರ್ವಜ್ಞ ಚಕ್ರವರ್ತಿ ಎಂದು ಕರೆದರು. (ತ್ರಿಪದಿ ಬರೆದ ಸರ್ವಜ್ಞ ಬೇರೆ, ಅವನು ನೂರಾರು ವರ್ಷಗಳ ನಂತರ ಬಂದವನು. ಪರೀಕ್ಷೆಯಲ್ಲಿ ಇಬ್ಬರನ್ನೂ ಕಲಸಿಬಿಡಬೇಡಿ!)

ಅವನು ಬರೆದ ಪುಸ್ತಕ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂದೂ ಅದಕ್ಕೆ ಹೆಸರಿದೆ. ಭಾಷೆ ಸಂಸ್ಕೃತ. ಒಟ್ಟು ನೂರು ಅಧ್ಯಾಯಗಳು, ಇಪ್ಪತ್ತರಂತೆ ಐದು ಭಾಗಗಳು. ರಾಜ್ಯ ಪಡೆಯುವುದು ಹೇಗೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರಿಂದ ಶುರುವಾಗಿ ಆನೆ ಹಿಡಿಯುವುದು, ಆನೆಗೆ ಔಷಧಿ, ರತ್ನ ಪರೀಕ್ಷೆ, ಚಿತ್ರ ಬರೆಯುವ ಬಣ್ಣ, ಸಂಗೀತ, ಕುಸ್ತಿ, ಮೀನು ಹಿಡಿಯುವ ಆಟದವರೆಗೆ ಎಲ್ಲವೂ ಅದರಲ್ಲಿದೆ. ಪುಸ್ತಕ ಯಾವಾಗ ಬರೆದದ್ದು ಎಂದು ತಿಳಿದದ್ದು ಹೇಗೆ ಗೊತ್ತೆ? ಗ್ರಹಗಳ ಲೆಕ್ಕ ಹೇಳುವಾಗ ಅವನು ಶಕವರ್ಷ 1051 ಎಂದು ಬರೆದಿದ್ದಾನೆ. ಅದಕ್ಕೆ 78 ಕೂಡಿಸಿ. ಎಷ್ಟು ಬಂತು? 1129. ನಮ್ಮ ತುಮಕೂರಿನ ಹತ್ತಿರದ ಕೈದಾಳದ ಚನ್ನಕೇಶವ ದೇವಾಲಯವನ್ನು ನೋಡಿದ್ದೀರಲ್ಲ? ಅದು ಕಟ್ಟಿದ್ದು 1150ರ ಹೊತ್ತಿಗೆ. ಈ ಪುಸ್ತಕ ಆ ಗುಡಿಗಿಂತಲೂ ಹಳೆಯದು!

ಈಗ ಅಡುಗೆಮನೆಗೆ ಹೋಗೋಣ. ಪುಸ್ತಕದ ಮೂರನೆಯ ಭಾಗದಲ್ಲಿ ಅನ್ನಭೋಗ ಎಂಬ ಅಧ್ಯಾಯವಿದೆ. ಅರಸ ಅಕ್ಕಿಯಿಂದಲೇ ಆರಂಭಿಸುತ್ತಾನೆ. ಕೆಂಪಕ್ಕಿ, ಪರಿಮಳದ ಅಕ್ಕಿ, ಅರವತ್ತು ದಿನಕ್ಕೆ ಬರುವ ಅಕ್ಕಿ ಎಂದು ಜಾತಿ ವಿಂಗಡಿಸುತ್ತಾನೆ. ಆಮೇಲೆ ಬೇಳೆ, ದೋಸೆ, ವಡೆ. ಕುಡಿಯುವ ನೀರನ್ನೂ ಬಿಟ್ಟಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಒಳ್ಳೆಯ ನೀರು ಅಮೃತ, ಕೆಟ್ಟ ನೀರು ವಿಷ ಎಂಬುದು ಅವನ ನಿಲುವು. ಸೂಕ್ಷ್ಮಜೀವಿಗಳ ಸುದ್ದಿ ಯಾರಿಗೂ ಗೊತ್ತಿರದ ಕಾಲ ಅದು, ನೆನಪಿರಲಿ.

ಮುಂದೆ ಮಾಂಸದ ಅಡುಗೆಗಳು. ಮೀನನ್ನು ತುಂಡು ಮಾಡಿ, ತೊಳೆದು, ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಹಚ್ಚಿ, ಎಣ್ಣೆಯಲ್ಲಿ ಕೆಂಪಗೆ ಕರಿದು, ಮೇಲೆ ಉಪ್ಪು, ಏಲಕ್ಕಿ, ಮೆಣಸಿನ ಪುಡಿ ಉದುರಿಸುವುದು. ಇದು ಇಂದಿನ ಮೀನಿನ ಫ್ರೈಗೆ ಎಷ್ಟು ಹತ್ತಿರ ಇದೆ ನೋಡಿ. ಹಂದಿ, ಜಿಂಕೆ, ಆಡಿನ ಮಾಂಸದ ಅಡುಗೆಗಳಿವೆ. ಕಾಲು ಮತ್ತು ಚಿಪ್ಪು ತೆಗೆದ ಆಮೆಯನ್ನು ಬೇಯಿಸುವ ಬಗೆ ಇದೆ. ರಕ್ತ, ಕರುಳು, ಯಕೃತ್ತು ಯಾವುದನ್ನೂ ಬಿಸಾಡಿಲ್ಲ. ಅಷ್ಟಾದ ಮೇಲೆ ಇಲಿಯ ಸರದಿ.

ಆದರೆ ಯಾವ ಇಲಿ? ಮನೆಯ ಅಟ್ಟದ ಇಲಿ ಅಲ್ಲ. ಹೊಲಗದ್ದೆಗಳಲ್ಲಿ, ನದಿಯ ದಂಡೆಗಳಲ್ಲಿ ಇರುವ ಕಪ್ಪು ಇಲಿ. ಅದಕ್ಕೆ ಮೈಗ ಎಂಬ ಹೆಸರನ್ನೂ ಕೊಟ್ಟಿದ್ದಾನೆ. ಬಾಲ ಹಿಡಿದು ಬಿಸಿ ಎಣ್ಣೆಯಲ್ಲಿ ಅದ್ದಿ ಕೂದಲು ತೆಗೆಯಬೇಕು. ಬಿಸಿನೀರಿನಲ್ಲಿ ತೊಳೆಯಬೇಕು. ನೆಲ್ಲಿಕಾಯಿ, ಉಪ್ಪು ಹಾಕಿ ಬೇಯಿಸಬೇಕು. ಇಲ್ಲದಿದ್ದರೆ ಕಬ್ಬಿಣದ ಸಲಾಕೆಯಲ್ಲಿ ಕೆಂಡದ ಮೇಲೆ ಸುಟ್ಟು ಉಪ್ಪು, ಜೀರಿಗೆ ಉದುರಿಸಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಗದ್ದೆಯ ಇಲಿಗೂ ಚರಂಡಿಯ ಇಲಿಗೂ ಇರುವ ವ್ಯತ್ಯಾಸವನ್ನು ಅರಸ ಗುರುತಿಸಿದ್ದಾನೆ. ಗದ್ದೆಯ ಇಲಿ ತಿನ್ನುವುದು ನಮ್ಮದೇ ಭತ್ತ, ರಾಗಿ, ಕಡಲೆಕಾಯಿ, ಗೆಡ್ಡೆ. ಅದರ ಬಿಲದ ಒಳಗೆ ಧಾನ್ಯದ ಉಗ್ರಾಣವೇ ಇರುತ್ತದೆ. ಬಿಲ ಅಗೆದು ಸೇರುಗಟ್ಟಲೆ ಧಾನ್ಯ ತೆಗೆದ ಬಡವರ ಕಥೆಯನ್ನು ನಿಮ್ಮ ಅಜ್ಜಿ ಹೇಳಿರಬಹುದು. ರೈತನಿಗೆ ಇಲಿ ಕಳ್ಳ. ಕಳ್ಳನನ್ನು ಹಿಡಿದವನಿಗೆ ಊಟ! ಇಂದಿಗೂ ತಮಿಳುನಾಡಿನ ಇರುಳರು ಗದ್ದೆಯ ಇಲಿ ಹಿಡಿಯುವುದರಲ್ಲಿ ನಿಪುಣರು.

ಅರಸನಿಗೆ ಏನು ಕೊರತೆ ಇತ್ತು? ಬಡತನದಿಂದ ಅವನು ಇಲಿ ತಿನ್ನಬೇಕಾಗಿರಲಿಲ್ಲ. ಚಿನ್ನದ ತಟ್ಟೆಯಲ್ಲಿ ಉಣ್ಣುವವನು. ಆದರೂ ಗದ್ದೆ ಬದಿಯಲ್ಲಿ ಬೆಂಕಿ ಹಾಕಿ ಸುಡುವ ಅಡುಗೆಯನ್ನು ಪರಿಮಳದ ಅಕ್ಕಿಯ ಅನ್ನದ ಜೊತೆ ಅದೇ ಗಂಭೀರತೆಯಿಂದ ಬರೆದಿಟ್ಟ. ಇದು ಹೀನ, ಅದು ಶ್ರೇಷ್ಠ ಎಂದು ಗೆರೆ ಎಳೆಯಲಿಲ್ಲ. ನನಗೆ ಅವನಲ್ಲಿ ತುಂಬ ಹಿಡಿಸುವುದು ಇದೇ.

ಹಾಗೆಂದು ಅವನು ಸಿಕ್ಕಿದ್ದನ್ನೆಲ್ಲ ತಿನ್ನುವವನು ಎಂದುಕೊಳ್ಳಬೇಡಿ. ಅವನ ಪಟ್ಟಿಯಲ್ಲಿ ಹಸು, ಆನೆ, ಕುದುರೆ, ಗಿಳಿ, ನವಿಲುಗಳ ಅಡುಗೆ ಕಾಣುವುದಿಲ್ಲ. ಮತ್ತೂ ಒಂದು ವಸ್ತು ಕಾಣುವುದಿಲ್ಲ. ಏನು ಹೇಳಿ ನೋಡೋಣ? ಮೊಟ್ಟೆ! ಇಲಿ, ಆಮೆಗಳ ಅಡುಗೆ ಬರೆದವನು ಮೊಟ್ಟೆಯ ಅಡುಗೆ ಬರೆಯಲಿಲ್ಲ. ನಿಮ್ಮ ಬಿಸಿಯೂಟದ ಸಾಲಿನಲ್ಲಿ ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣು ತೆಗೆದುಕೊಳ್ಳುವವರು ಇನ್ನೊಂದು ಕಡೆ ನಿಲ್ಲುತ್ತಾರಲ್ಲ, ಅಲ್ಲಿ ಅರಸ ನಿಂತಿದ್ದರೆ ಬಹುಶಃ ಬಾಳೆಹಣ್ಣಿಗೇ ಕೈ ಚಾಚುತ್ತಿದ್ದ.

ಅವನ ಕಾಲದ ಎಲ್ಲ ಅಡುಗೆಮನೆಗಳೂ ಹೀಗೆಯೇ ಇದ್ದವೆ? ಇಲ್ಲ. ಅವನಿಗಿಂತ ನೂರು ವರ್ಷ ಮುಂಚೆ ಇದೇ ಚಾಲುಕ್ಯರ ಆಶ್ರಯದಲ್ಲಿ ಎರಡನೆಯ ಚಾವುಂಡರಾಯ ಎಂಬವನು ಕನ್ನಡದಲ್ಲಿ ಲೋಕೋಪಕಾರ ಎಂಬ ಪುಸ್ತಕ ಬರೆದಿದ್ದ. ಅದರಲ್ಲೂ ಅಡುಗೆಯ ಭಾಗವಿದೆ, ಆದರೆ ಅಲ್ಲಿ ಬರೀ ಸಸ್ಯಾಹಾರ. ಒಂದೇ ನಾಡು, ಒಂದೇ ವಂಶದ ಆಳ್ವಿಕೆ, ಎರಡು ಬಗೆಯ ಒಲೆ. ಇನ್ನೊಂದು ಮಾತು, ಈ ಎರಡು ಒಲೆಗಳ ಹತ್ತಿರವೂ ಮೆಣಸಿನಕಾಯಿ ಇರಲಿಲ್ಲ. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಮೆಕ್ಕೆಜೋಳ ಯಾವುದೂ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರು ಮುಂತಾದವರ ಹಡಗುಗಳಲ್ಲಿ ನಮಗೆ ಬಂದದ್ದು 1500ರ ನಂತರ. ಯುರೋಪಿನಲ್ಲಿ ಬಹಳ ಕಾಲ ಟೊಮೆಟೊ ವಿಷವೆಂದು ಜನ ಹೆದರಿದ್ದರು. ಈಗ ಯಾರಾದರೂ ಟೊಮೆಟೊ ನೋಡಿ ಮೂಗು ಮುಚ್ಚಿಕೊಂಡರೆ ನಿಮಗೆ ನಗು ಬರುತ್ತದೆ, ಅಲ್ಲವೆ?

ಮೂಗು ಏಕೆ ಸುಕ್ಕಾಗುತ್ತದೆ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಅವರ ಜೊತೆಗಾರರು 1986ರಲ್ಲಿ ಪುಟ್ಟ ಮಕ್ಕಳ ಮುಂದೆ ಬಗೆಬಗೆಯ ವಸ್ತುಗಳನ್ನು ಇಟ್ಟರು. ಕಡಲೆಕಾಯಿ ಬೆಣ್ಣೆ ಮತ್ತು ಗಬ್ಬು ವಾಸನೆಯ ಚೀಸಿನಿಂದ ನಾಯಿಯ ಹೇಲಿನಂತೆ ಮಾಡಿದ ಉಂಡೆಯೂ ಅದರಲ್ಲಿತ್ತು! ಎರಡು ವರ್ಷದೊಳಗಿನ ಬಹಳಷ್ಟು ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರು. ನಿಮ್ಮ ಮನೆಯ ಕೂಸು ಮಣ್ಣು, ಇರುವೆ, ಚಪ್ಪಲಿ ಎಲ್ಲವನ್ನೂ ಬಾಯಿಗೆ ಇಡುವುದನ್ನು ನೋಡಿಲ್ಲವೆ? ಅಸಹ್ಯ ಎಂಬ ಭಾವನೆಯನ್ನು ನಾವು ಹುಟ್ಟುವಾಗ ಪೂರ್ತಿ ಹೊತ್ತು ತರುವುದಿಲ್ಲ. ಅಮ್ಮ ಛೀ ಎಂದಾಗ, ಅಕ್ಕ ಮುಖ ಕಿವಿಚಿದಾಗ ಕಲಿಯುತ್ತೇವೆ. ಈ ಕಲಿಕೆಯಿಂದ ಲಾಭವೂ ಇದೆ. ಕೊಳೆತದ್ದು, ಹುಳ ಬಿದ್ದದ್ದು, ಮಲ ಮೂತ್ರ ತಾಗಿದ್ದು ಎಂದರೆ ದೂರ ಸರಿಯುವವನು ರೋಗದಿಂದ ಉಳಿಯುತ್ತಾನೆ. ಆದರೆ ಯಾವ ಪ್ರಾಣಿ ಆಹಾರ, ಯಾವುದು ಅಲ್ಲ ಎಂಬುದನ್ನು ನಾಲಿಗೆಗಿಂತ ಹೆಚ್ಚಾಗಿ ಮನೆಯೇ ಹೇಳಿಕೊಡುತ್ತದೆ. 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಬಸುರಿಯಲ್ಲಿ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ರುಚಿಯ ಗಂಜಿಗೆ ಕಡಿಮೆ ಮುಖ ಕಿವಿಚಿದರು. ಅಂದರೆ ಪಾಠ ಹುಟ್ಟುವ ಮುಂಚೆಯೇ ಶುರು!

ತಮಾಷೆ ಏನು ಗೊತ್ತೆ? ಇಲಿಗಳೂ ಹೀಗೆಯೇ. ಹೊಸ ತಿನಿಸು ಕಂಡರೆ ಇಲಿ ತಕ್ಷಣ ಬಾಯಿ ಹಾಕುವುದಿಲ್ಲ. ಆದರೆ ಜೊತೆಯ ಇಲಿಯ ಉಸಿರಿನಲ್ಲಿ ಆ ತಿನಿಸಿನ ವಾಸನೆ ಬಂದರೆ ಧೈರ್ಯ ಬಂದು ತಿನ್ನುತ್ತದೆ. ಕೆನಡಾದ ವಿಜ್ಞಾನಿ ಬೆನೆಟ್ ಗೇಲೆಫ್ ಇದನ್ನು ಹಲವು ಪ್ರಯೋಗಗಳಿಂದ ತೋರಿಸಿದರು. ತಿನ್ನುವ ವಿಷಯದಲ್ಲಿ ಇಲಿಯೂ ನಾವೂ ಪಕ್ಕದವರನ್ನು ನೋಡಿ ಕಲಿಯುವವರೇ.

ಈಗ ಆ ಸುಮ್ಮನೆ ಕುಳಿತ ಗೆಳೆಯನ ಕಡೆ ಬರೋಣ.

ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ನಮ್ಮ ಜಿಲ್ಲೆಯಲ್ಲಿ ಒಂದೇ ಅಲ್ಲ. ತುಮಕೂರು ನಗರದೊಳಗೆ ಸೇರಿಹೋದ ಶೆಟ್ಟಿಹಳ್ಳಿ ಇದೆ, ಗುಬ್ಬಿ ಕಡೆ ಇದೆ, ಕುಣಿಗಲ್ ಕಡೆಯೂ ಇದೆ. ನೀವು ಯಾವ ಶೆಟ್ಟಿಹಳ್ಳಿಯವರಾದರೂ ಸರಿ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತುವುದನ್ನು ನೋಡಿರುತ್ತೀರಿ. ಅವು ಗೆದ್ದಲಿನ ಹುತ್ತದಿಂದ ಹೊರಟ ಈಸಲು. ಕೆಲವು ಮನೆಯವರು ಬಾಗಿಲು ಮುಚ್ಚಿ ದೀಪ ಆರಿಸುತ್ತಾರೆ. ಕೆಲವು ಮನೆಯವರು ದೀಪದ ಕೆಳಗೆ ನೀರಿನ ಪಾತ್ರೆ ಇಟ್ಟು ಹಿಡಿದು, ರೆಕ್ಕೆ ಕೇರಿ ತೆಗೆದು, ಹುರಿದು ತಿನ್ನುತ್ತಾರೆ. ಗದ್ದೆಯ ಬದುವಿನ ನಳ್ಳಿ ಕೆಲವರಿಗೆ ಸಾರು, ಕೆಲವರಿಗೆ ಅಸಹ್ಯ. ಮಲೆನಾಡಿನಲ್ಲಿ ಕೆಂಪಿರುವೆಯ ಚಟ್ನಿ ಮಾಡುತ್ತಾರೆ. ಒಡಿಶಾದ ಸಿಮ್ಲಿಪಾಲದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ, ಮನುಷ್ಯರು ತಿನ್ನುವ ಕೀಟಗಳ ಬಗೆ 1900ಕ್ಕೂ ಹೆಚ್ಚು ಎಂದು ಲೆಕ್ಕ ಕೊಟ್ಟಿತು.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಜೊತೆಯ ಒಬ್ಬ ಹುಡುಗ ಸುಟ್ಟ ನಳ್ಳಿಯ ಕಾಲನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ನಮಗೆಲ್ಲ ಕೊಡಬೇಕೆಂದೇ ತಂದದ್ದು. ಒಬ್ಬಳು ಛೀ ಎಂದಳು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಅವನು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಅವನು ಮನೆಯಿಂದ ಏನನ್ನೂ ತರಲಿಲ್ಲ, ಊಟದ ಹೊತ್ತಿಗೆ ಶಾಲೆಯ ಹಿಂದೆ ಹೋಗಿ ಕೂರುತ್ತಿದ್ದ. ಮಾನಸೋಲ್ಲಾಸದ ಬಗ್ಗೆ ಓದಿದ್ದು ಎಷ್ಟೋ ವರ್ಷದ ನಂತರ. ಓದಿದಾಗ ಮೊದಲು ನೆನಪಾದದ್ದು ಅರಸನಲ್ಲ, ಆ ಕಾಗದದ ಪೊಟ್ಟಣ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅರಸ ಬರೆದಿದ್ದಾನೆಂದು ನಾಳೆ ನೀವು ಇಲಿ ಹಿಡಿಯಲು ಹೊರಡಬೇಡಿ! ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕಾಲಿನ ಗಾಯದ ಮೂಲಕವೂ ಆ ರೋಗಾಣು ಒಳಗೆ ಹೋಗಬಲ್ಲದು. ಜೊತೆಗೆ ಇಂದಿನ ಹೊಲಗಳಲ್ಲಿ ಇಲಿ ಪಾಷಾಣ ಇಡುತ್ತಾರೆ, ಪಾಷಾಣ ತಿಂದ ಇಲಿಯ ಮೈಯಲ್ಲಿ ವಿಷ ಇರುತ್ತದೆ. ಸೋಮೇಶ್ವರನ ಕಾಲದ ಗದ್ದೆಯಲ್ಲಿ ಈ ರಾಸಾಯನಿಕಗಳು ಇರಲಿಲ್ಲ. ಜಿಂಕೆ, ಆಮೆ, ಉಡ, ಮೊಲ, ನವಿಲುಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳನ್ನು ಬೇಟೆಯಾಡುವುದು ಅಪರಾಧ. ಅರಸನ ಕಾಲದಲ್ಲಿ ಕಾಡು ದೊಡ್ಡದಿತ್ತು, ಜನ ಕಡಿಮೆ ಇದ್ದರು. ಈಗ ಲೆಕ್ಕ ತಲೆಕೆಳಗಾಗಿದೆ. ಅಂದು ಅರಮನೆಯ ಊಟವಾಗಿದ್ದ ಆಮೆ ಇಂದು ನಾವು ಕಾಪಾಡಬೇಕಾದ ಪ್ರಾಣಿ.

ಮತ್ತೆ ಅರಸನ ಕಥೆಗೆ ಬರೋಣ. ಸೋಮೇಶ್ವರ ಸುಮಾರು ಹನ್ನೆರಡು ವರ್ಷ ಮಾತ್ರ ಆಳಿದ. 1138ರ ಹೊತ್ತಿಗೆ ಅವನ ಕಾಲ ಮುಗಿದು ಎರಡನೆಯ ಜಗದೇಕಮಲ್ಲ ಪಟ್ಟಕ್ಕೆ ಬಂದ. ತಂದೆ ವಿಕ್ರಮಾದಿತ್ಯನ ಕುರಿತೂ ಅವನು ವಿಕ್ರಮಾಂಕಾಭ್ಯುದಯ ಎಂಬ ಕೃತಿ ರಚಿಸಿದ್ದ. ಅವನು ಸತ್ತು ಎರಡು ದಶಕ ಕಳೆಯುವಷ್ಟರಲ್ಲಿ ಕಲ್ಯಾಣ ಕಲಚುರಿ ಬಿಜ್ಜಳನ ಕೈಸೇರಿತು. ಅದೇ ಊರಿಗೆ ಬಸವಣ್ಣನವರು ಬಂದರು. ಬೇರೆ ಬೇರೆ ಜಾತಿಯ ಜನ ಅವರ ಮಹಾಮನೆಯಲ್ಲಿ ಒಟ್ಟಿಗೆ ಕುಳಿತು ಉಂಡರು. ಒಟ್ಟಿಗೆ ಉಣ್ಣುವುದು ಆ ಕಾಲಕ್ಕೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ನಿಮ್ಮ ಶಿಕ್ಷಕರನ್ನು ಕೇಳಿ ತಿಳಿಯಿರಿ.

ಅರಮನೆ ಹೋಯಿತು, ಚಿನ್ನದ ತಟ್ಟೆ ಹೋಯಿತು. ಪುಸ್ತಕ ಮಾತ್ರ ಹಸ್ತಪ್ರತಿಗಳಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರು ನಕಲು ಮಾಡುತ್ತಾ ಉಳಿಯಿತು. ಬರೋಡಾದಲ್ಲಿ 1925ರಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. 1926ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಒಂದು ಭಾಗವನ್ನು ಸಂಪಾದಿಸಿ ಪ್ರಕಟಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ತೋರಿಸಿಕೊಟ್ಟ ಶಾಮಶಾಸ್ತ್ರಿಗಳೇ ಇವರು.

ಆಮೇಲೆ ಒಬ್ಬ ಮೀನಿನ ವಿಜ್ಞಾನಿಯ ಕಣ್ಣು ಈ ಪುಸ್ತಕದ ಮೇಲೆ ಬಿತ್ತು. ಅವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ. ಮಾನಸೋಲ್ಲಾಸದ ಮೀನು ಹಿಡಿಯುವ ಅಧ್ಯಾಯದ ಬಗ್ಗೆ ಅವರು 1951ರಲ್ಲಿ ಲೇಖನ ಪ್ರಕಟಿಸಿದರು. ಅರಸ ಅಲ್ಲಿ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿದ್ದಾನೆ. ಸಮುದ್ರದವು ಯಾವು, ನದಿಯವು ಯಾವು, ಹುರುಪೆ ಇರುವವು, ಇಲ್ಲದವು, ದೊಡ್ಡವು, ಚಿಕ್ಕವು ಎಂದು ವಿಂಗಡಿಸಿದ್ದಾನೆ. ಗಾಳಕ್ಕೆ ಎಂಥ ಕೋಲು, ಎಂಥ ದಾರ, ಯಾವ ಮೀನಿಗೆ ಯಾವ ಮೇವು ಎಂಬುದೂ ಇದೆ. ಅರಮನೆಯಲ್ಲಿ ಕುಳಿತವನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಮೀನು ಹಿಡಿಯುವವರನ್ನು ಕೇಳಿಯೇ ತಿಳಿದಿರಬೇಕು ಎಂದು ನನ್ನ ಊಹೆ.

ಹಳೆಯ ಹೆಸರುಗಳನ್ನು ಇಂದಿನ ಮೀನುಗಳಿಗೆ ಹೊಂದಿಸುವುದು ಸುಲಭವಲ್ಲ. ಒಂದೇ ಮೀನಿಗೆ ಊರಿಗೊಂದು ಹೆಸರು. ನಿಮ್ಮ ಊರಿನ ಕೆರೆಯಲ್ಲಿ ಬಲೆ ಬೀಸುವವರು ಇದ್ದರೆ, ದೊಡ್ಡವರ ಜೊತೆ ಹೋಗಿ ಅವರನ್ನು ಮಾತಾಡಿಸಿ. ಅವರು ಹೇಳುವ ಮೀನು, ನಳ್ಳಿ, ಗುಳ್ಳೆಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎದುರಿಗೆ ಯಾವುದನ್ನು ಯಾರು ತಿನ್ನುತ್ತಾರೆ, ಹೇಗೆ ಬೇಯಿಸುತ್ತಾರೆ ಎಂದೂ ಬರೆಯಿರಿ. ಸೋಮವಾರ ತರಗತಿಗೆ ತನ್ನಿ. ನಿಮ್ಮ ಪಕ್ಕದವನ ಹಾಳೆಯನ್ನೂ ನೋಡಿ, ಅವನ ಪಟ್ಟಿ ನಿಮ್ಮದಕ್ಕಿಂತ ಉದ್ದ ಇರಬಹುದು.